ಶಾಂತಮ್ಮನ ಸ್ಟೀಲ್ ಡಬ್ಬಿ

ಗಿಣಿಗೇರಾದ ಹೆಣ್ಣುಮಕ್ಕಳ ಸಂಘದಲ್ಲಿ ನನ್ನ ಆರೋಗ್ಯ ಭಾಷಣ ಜೋರಾಗಿಯೇ ನಡೆದಿತ್ತು. “ಬಿಸಿ ಅಡಿಗಿ ಪ್ಲಾಸ್ಟಿಕ್ಕಿನ್ಯಾಗ ಹಾಕಬ್ಯಾಡ್ರಿ. ಅದರ ಕೆಮಿಕಲ್ ಮೈಯಾಗಿನ ಹಾರ್ಮೋನ್ ಏರುಪೇರು ಮಾಡ್ತೈತಿ. ತೂಕ ಏರಾಕೂ ಅದೊಂದು ಕಾರಣ ಆಗಬಹುದು.”

ಹೊರಡುವಾಗ ಸಂಘದ ಶಾಂತಮ್ಮ, ನನಗೆಂದು ಪ್ಲಾಸ್ಟಿಕ್ ಕ್ಯಾರಿಬ್ಯಾಗಿಗೆ ಹಾಕುತ್ತಿದ್ದ ಬಿಸಿ ಶೇಂಗಾ ಹೋಳಿಗೆಯನ್ನು ತಟ್ಟನೆ ಸ್ಟೀಲ್ ಡಬ್ಬಿಗೆ ಹಾಕಿಕೊಟ್ಟರು. ಮಾತು ನಾಟಿತಲ್ಲ ಎಂದು ಹಿಗ್ಗಿದೆ.

ಆದರೆ ನಮ್ಮ ಕಡೆ ಡಬ್ಬಿಯನ್ನು ಖಾಲಿ ಹಿಂದಿರುಗಿಸುವಂತಿಲ್ಲ. ನಾನು ಬೇಸನ್ ಉಂಡಿ ತುಂಬಿ ಕೊಟ್ಟೆ. ಅವರು ಸುಮ್ಮನಿರುತ್ತಾರೆಯೇ? ಗೋಧಿ-ಬೆಲ್ಲದ ಮಾದಲಿ ಬಂತು, ಮೇಲೆ ತುಪ್ಪ. ಹೀಗೇ ಆ ಡಬ್ಬಿ ಕೊಪ್ಪಳದ ನಮ್ಮ ಮನೆಗೂ ಗಿಣಿಗೇರಾಕ್ಕೂ ಓಡಾಡುತ್ತಲೇ ಇತ್ತು.

ಮೊನ್ನೆ ಕರಿಗಡಬು ತುಂಬಿದ ಡಬ್ಬಿ ಕೈಗಿಟ್ಟ ಶಾಂತಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಮರುಗಿದರು: “ಭಾಳ ದಪ್ಪ ಆಗೀರಲ್ರಿ ಮೇಡಂ. ಮನ್ಯಾಗ ಇನ್ನೂ ಪ್ಲಾಸ್ಟಿಕ್ ಇಟ್ಟೀರೇನ್ರಿ?”

ಕೈಯಲ್ಲಿ ಡಬ್ಬಿ ಇನ್ನೂ ಬಿಸಿಯಾಗಿತ್ತು.