ಟವೆಲಿನ ಮೇಲಿಟ್ಟ ಕರಾರು

ಕಾಲ್ಚೆಂಡಾಟದ ಲೋಕದಲ್ಲಿ ಗೋಲು ಹೊಡೆದವರ ಹೆಸರು ಗೋಡೆಯ ಮೇಲಿನ ಚಿತ್ರಗಳಲ್ಲಿ ಉಳಿಯುತ್ತದೆ, ಗೋಲು ಕೈಚೆಲ್ಲಿದವರ ಹೆಸರು ಚಹಾದಂಗಡಿಯ ಮಾತಿನಲ್ಲಿ ಉಳಿಯುತ್ತದೆ. ಆದರೆ ಆಟಗಾರನ ಕೈಹಿಡಿದು ಒಂದು ತಂಡದಿಂದ ಇನ್ನೊಂದಕ್ಕೆ ದಾಟಿಸಿದವನ ಹೆಸರು ಉಳಿಯುವುದೇ ಅಪರೂಪ, ಉಳಿದರೂ ಒಳ್ಳೆಯ ಮಾತಿನ ಜೊತೆ ಉಳಿಯುವುದು ಇನ್ನೂ ಅಪರೂಪ. ದಲ್ಲಾಳಿ ಎಂಬುದು ನಮ್ಮ ಕಡೆ ಅರ್ಧ ಬೈಗುಳ. ಆ ಬೈಗುಳವನ್ನು ಮೂವತ್ತೈದು ವರ್ಷ ನಗುನಗುತ್ತಾ ಹೊತ್ತು, ನಡುವೆ ಒಮ್ಮೆ ಅದಕ್ಕೆ ತಕ್ಕಂತೆಯೇ ನಡೆದು, ಆಮೇಲಿನ ಆಯುಷ್ಯವನ್ನೆಲ್ಲ ಅದನ್ನು ತೊಳೆಯುವುದರಲ್ಲಿ ಕಳೆದು, ಈಗ ವೃತ್ತಿಯಿಂದ ನಿವೃತ್ತರಾಗುತ್ತಿರುವ ನೂಲ್ಪುಳದ ಶ್ರೀ ಚಿಕ್ಕಣ್ಣನವರಿಗೆ ಈ ಸಂಪುಟ ಅರ್ಪಿತವಾಗುತ್ತಿರುವುದು ಯೋಗ್ಯವೇ ಆಗಿದೆ.

ಸನ್ಮಾನದ ದಿನ ಏನು ಬೇಕೆಂದು ಕೇಳಲು ಸಮಿತಿಯವರು ಮೊದಲ ಬಾರಿ ಅವರ ಮನೆಗೆ ಹೋದಾಗ, ಅವರು ಜಗಲಿಯಲ್ಲಿ ಅರೆಗಣ್ಣು ಮುಚ್ಚಿ ಕುಳಿತಿದ್ದರು. “ಏನ್ ಬೇಕಾದ್ರೂ ಕೊಡಿ, ಏನೂ ಕೊಡದಿದ್ರೂ ಕುಳಪ್ಪ ಇಲ್ಲೆ, ಬೇಜಾರಿಲ್ಲ. ಶಾಲು ಮಾತ್ರ ಬೇಡ. ನನ್ ಹೆಗಲ್ ಮೇಲೆ ಬಟ್ಟೆ ಹಾಕ್ಬೇಡಿ,” ಎಂದರು. ಯಾರ ಮಾತನ್ನೂ ತೆಗೆದುಹಾಕದ ಮನುಷ್ಯ ಒಂದು ಶಾಲನ್ನೇಕೆ ಬೇಡವೆಂದರು ಎಂಬುದನ್ನು ಹೇಳಹೊರಟರೆ ಅವರ ಸೇವೆಯ ಕಥೆಯನ್ನೇ ಹೇಳಬೇಕಾಗುತ್ತದೆ.

ಗಡಿಯಾಚೆಯ ಕನ್ನಡನಾಡಿನಿಂದ ಈ ಮಲಯಾಳಂ ಸೀಮೆಗೆ ಯಾವಾಗ ಬಂದರೆಂದು ಮನೆಯವರಿಗೇ ನೆನಪಿಲ್ಲದಷ್ಟು ಹಳೆಯ ಒಕ್ಕಲು ಮನೆತನ ಅವರದು. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ಮಲಯಾಳಂ, ಗದ್ದೆಯಲ್ಲಿ ಎರಡೂ ಕಲಸಿದ್ದು. ತಂದೆ ದನದ ದಲ್ಲಾಳಿ. ಸಂತೆಯಲ್ಲಿ ಕೊಳ್ಳುವವನ ಕೈಯನ್ನು ಒಂದು ಟವೆಲಿನಡಿ ಹಿಡಿದು, ಬೆರಳು ಒತ್ತಿ ಬೆಲೆ ಹೇಳಿ, ಬೆರಳು ಒತ್ತಿಸಿಕೊಂಡು ಬೆಲೆ ಕೇಳಿ, ಬಾಯಲ್ಲಿ ಮಾತ್ರ ಮಳೆ ಬಿಸಿಲಿನ ಮಾತಾಡುತ್ತಾ ವ್ಯಾಪಾರ ಮುಗಿಸುವುದು ಆ ವೃತ್ತಿಯ ರೀತಿ. ಬಟ್ಟೆಯಡಿ ನಡೆದದ್ದು ಬಟ್ಟೆಯಡಿಯೇ ಉಳಿಯಬೇಕು. ಮಾರುವವನೂ ಕೊಳ್ಳುವವನೂ ದಲ್ಲಾಳಿಗೆ ಬೇರೆಬೇರೆಯಾಗಿ ಕೈಬಿಸಿ ಮಾಡಬೇಕು. ಯಾರೂ ಯಾರನ್ನೂ ಕೇಳಬಾರದು. ಬಾಲಕ ಚಿಕ್ಕಣ್ಣ ಇದನ್ನು ನೋಡಿ ಕಲಿತರು, ಇದರಲ್ಲಿ ತಪ್ಪೇನಾದರೂ ಇದ್ದೀತೆಂದು ಅವರಿಗಾಗಲಿ ಅವರ ತಂದೆಗಾಗಲಿ ಕನಸಿನಲ್ಲೂ ಹೊಳೆದಿರಲಿಲ್ಲ.

ಕನಸೆಂದರೆ ಅವರಿಗೆ ಬೇರೆಯೇ ಇತ್ತು. ಕೊಯ್ಲು ಮುಗಿದ ಪನಮರಂ ಬಯಲಿನಲ್ಲಿ ಏಳೇಳು ಜನರ ಕಾಲ್ಚೆಂಡಾಟ ಶುರುವಾಗುವ ದಿನಗಳಲ್ಲಿ ಬೆಳಗಿನ ಮಂಜು ಎಷ್ಟು ದಟ್ಟವೆಂದರೆ ಚೆಂಡು ಅದರೊಳಗೆ ಹೋದದ್ದು ಕಾಣುತ್ತಿತ್ತು, ಎಲ್ಲಿಂದ ಹೊರಬರುತ್ತದೆಂದು ತಿಳಿಯುತ್ತಿರಲಿಲ್ಲ. ಬದುವಿನ ಮೇಲೆ ಕುಳಿತ ಚಿಕ್ಕಣ್ಣನವರು ಅಂಥ ಬೆಳಗುಗಳಲ್ಲಿ ಕಣ್ಣು ಮುಚ್ಚಿ ಆಟ ನೋಡುವುದನ್ನು ಅಭ್ಯಾಸ ಮಾಡಿಕೊಂಡರು. ಕೊಯ್ದುಳಿದ ಕೂಳೆಯ ಮೇಲೆ ಓಡುವ ಪಾದದ ಸದ್ದಿನಿಂದಲೇ ಯಾರು ದಣಿದಿದ್ದಾನೆ, ಯಾರು ಹೆದರಿದ್ದಾನೆ, ಯಾರ ಕಾಲಿಗೆ ಚೆಂಡು ತಾನಾಗಿ ಬರುತ್ತದೆ ಎಂದು ಅವರು ಹೇಳುತ್ತಿದ್ದರು. ನೋಡಿದವರು ನಿದ್ದೆ ಹೊಡೆಯುತ್ತಿದ್ದಾರೆಂದೇ ತಿಳಿದರು. ಒಮ್ಮೊಮ್ಮೆ ಅದು ನಿದ್ದೆಯೇ ಆಗಿರುತ್ತಿತ್ತು ಎಂದು ಅವರ ಧರ್ಮಪತ್ನಿ ಶಾಂತ ಅವರು ಇಂದಿಗೂ ಸಾಕ್ಷಿ ನುಡಿಯುತ್ತಾರೆ.

ಹೀಗೆ ಆಯ್ದವರನ್ನು ಬಾಡಿಗೆ ಜೀಪಿನಲ್ಲಿ ತುಂಬಿಕೊಂಡು ಬಯಲಿಂದ ಬಯಲಿಗೆ ತಿರುಗಿದರು. ಅಲ್ಲಿಂದ ಮುಂದೆ ಬೆಟ್ಟದ ಕೆಳಗಿನ ನಗರಗಳ ಕ್ಲಬ್ಬುಗಳಿಗೆ ಆಟಗಾರರನ್ನು ಸೇರಿಸತೊಡಗಿದರು. ಮುಳ್ಳನ್‌ಕೊಲ್ಲಿಯ ರಜೀಶ್ ಕಾಲು ಮುರಿದುಕೊಂಡು ದೂರದ ಊರಿನ ಆಸ್ಪತ್ರೆಯಲ್ಲಿ ಮಲಗಿದಾಗ, ಕ್ಲಬ್ಬಿನವರು ಒಂದು ಬುಟ್ಟಿ ಹಣ್ಣು ಕಳಿಸಿ ಕೈತೊಳೆದುಕೊಂಡಾಗ, ಹದಿನೆಂಟು ದಿನ ಆ ಮಂಚದ ಪಕ್ಕದ ನೆಲದಲ್ಲಿ ಮಲಗಿದವರು ಚಿಕ್ಕಣ್ಣನವರು. ಅಷ್ಟರಲ್ಲಿ ಅವರ ತೋಟದ ಮೆಣಸು ಬಳ್ಳಿಯಲ್ಲೇ ಹಣ್ಣಾಗಿ ಉದುರಿ ಹಕ್ಕಿಗಳ ಪಾಲಾಗಿತ್ತು. “ಹಕ್ಕಿಗಳಿಗೂ ಒಬ್ಬ ಏಜೆಂಟ್ ಬೇಕಲ್ಲ,” ಎಂದು ಶಾಂತ ಅವರು ಹಂಗಿಸಿದರಂತೆ.

ಇಂಥ ಮನುಷ್ಯನೇ ಆ ತಪ್ಪನ್ನೂ ಮಾಡಿದ್ದು. ಅಭಿನಂದನ ಗ್ರಂಥದಲ್ಲಿ ತಪ್ಪಿನ ಮಾತೇಕೆ ಎಂದು ಹಿರಿಯರು ಮುಖ ಸಿಂಡರಿಸಬಹುದು. ಆದರೆ ಅದನ್ನು ಬಿಟ್ಟು ಬರೆಯುವುದಾದರೆ ಬರೆಯುವುದೇ ಬೇಡವೆಂದು ಚಿಕ್ಕಣ್ಣನವರು ಕಟ್ಟಪ್ಪಣೆ ಮಾಡಿದ್ದಾರೆ.

ನೂಲ್ಪುಳದ ಕಾಡಂಚಿನ ಹಾಡಿಯ ಚಾತನ್ ಮತ್ತು ತಂಗಮ್ಮ ದಂಪತಿಗಳ ಮಗ ಜಯನ್. ಹತ್ತೊಂಬತ್ತರ ಆ ಹುಡುಗನ ಹೆಜ್ಜೆಯ ಸದ್ದೇ ಕೇಳಿಸುತ್ತಿರಲಿಲ್ಲ. ಮಂಜಿನಲ್ಲಿ ಕಣ್ಣು ಮುಚ್ಚಿ ಕುಳಿತ ಚಿಕ್ಕಣ್ಣನವರಿಗೆ ಚೆಂಡು ಬಲೆಗೆ ಬಿದ್ದ ಸದ್ದು ಮಾತ್ರ ಕೇಳಿತಂತೆ. ಅವರು ಅವನನ್ನು ಕರಾವಳಿಯ ಒಂದು ಕ್ಲಬ್ಬಿಗೆ ಸೇರಿಸಿದರು. ಕರಾರಿನ ದಿನ ಕ್ಲಬ್ಬಿನ ಮ್ಯಾನೇಜರೂ ಇವರೂ ಚಹಾದಂಗಡಿಯಲ್ಲಿ ಕುಳಿತು, ತಮಾಷೆಗೆಂದೇ ಶುರುಮಾಡಿ, ಊರವರು ತೋರ್ತು ಎನ್ನುವ ಹೆಗಲ ಟವೆಲಿನಡಿ ಬೆರಳು ಹಿಡಿದು ಮಾತು ಮುಗಿಸಿದರು. ಜಯನ್ ಎದುರಿನ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದ. ಮೂರು ವರ್ಷ, ಕ್ಲಬ್ಬು ತಾನಾಗಿ ಬಿಡದ ಹೊರತು, ಅವನು ಬೇರೆಡೆ ಹೋಗುವಂತಿಲ್ಲವೆಂಬ ಮಾತು ಬೆರಳುಗಳ ನಡುವೆಯೇ ಉಳಿಯಿತು. ಕ್ಲಬ್ಬಿನವರು ಚಿಕ್ಕಣ್ಣನವರಿಗೂ ಒಂದು ಹಣದ ಲಕೋಟೆ ಕೊಟ್ಟರು, ಅವರು ಮಾಮೂಲಿನಂತೆ ಜೇಬಿಗಿಟ್ಟರು.

ಮರುವರ್ಷ ದೇಶದ ಪೂರ್ವ ದಿಕ್ಕಿನ ದೊಡ್ಡ ಕ್ಲಬ್ಬೊಂದು ಜಯನನ್ನು ಕರೆಯಿತು. ಎಳೆಯ ಆಟಗಾರನ ಬಾಳಿನಲ್ಲಿ ಒಮ್ಮೆ ಬರುವ ಕರೆ ಅದು. ಅವನ ಕ್ಲಬ್ಬು ಬಿಡಲಿಲ್ಲ. ‘ನಿನ್ನ ಮನುಷ್ಯನೇ ಒಪ್ಪಿದ್ದಾನೆ, ನಮ್ಮದೂ ತಗೊಂಡಿದ್ದಾನೆ’ ಎಂದು ಮ್ಯಾನೇಜರು ನಕ್ಕುಬಿಟ್ಟ. ಜಯನ್ ಬಸ್ಸಿಳಿದು, ತಂದೆಯನ್ನು ಕರೆದುಕೊಂಡು ನೇರ ಬಂದ. ಚಿಕ್ಕಣ್ಣನವರು ಅಂಗಳದಲ್ಲಿ ಮೆಣಸು ಹರವುತ್ತಿದ್ದರು.

“ಮಾಮಾ, ಆ ತೋರ್ತಿನ ಕೆಳಗೆ ನಿಮ್ ಕೈ ಯಾರ್ ಕಡೆ ಇತ್ತು?”

ಚಿಕ್ಕಣ್ಣನವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ದಲ್ಲಾಳಿಯ ಕೈ ಎರಡೂ ಕಡೆ ಇರುತ್ತದೆ, ಅದಕ್ಕೇ ಅಲ್ಲವೇ ಅವನು ದಲ್ಲಾಳಿ! “ಅಪ್ಪನ ಕಾಲದಿಂದ ಹಿಂಗೇ ಅಲ್ವಾ ಜಯನಾ? ಮಾರೋನೂ ಕೊಡ್ತಾನೆ, ಕೊಳ್ಳೋನೂ ಕೊಡ್ತಾನೆ. ಯಾವ ಎತ್ತು ಬಂದು ಕೇಳಿತ್ತು?” ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಕ್ಕದಲ್ಲಿದ್ದ ಚಾತನ್ ಆಗ ಬಾಯಿ ತೆರೆದ.

“ಎತ್ತಿಗೆ ಬಾಯಿಲ್ಲೆ ಚಿಕ್ಕಣ್ಣಾ, ಅದು ಕೇಳದಿಲ್ಲೆ. ನನ್ ಮಗನ್ಗೆ ಬಾಯುಂಟು. ಕೇಳ್ತನೆ.”

ಇಬ್ಬರೂ ಹೊರಟುಹೋದರು. ಚಿಕ್ಕಣ್ಣನವರು ಸಂಜೆಯವರೆಗೆ ಮೆಣಸಿನ ಮುಂದೆಯೇ ಕುಳಿತಿದ್ದರು. ಮರುದಿನ ಕರಾವಳಿಗೆ ಹೋಗಿ ಲಕೋಟೆಯನ್ನು ಮ್ಯಾನೇಜರಿನ ಮೇಜಿನ ಮೇಲಿಟ್ಟು ಹುಡುಗನನ್ನು ಬಿಡಿರೆಂದು ಕೈಮುಗಿದರು. ಆತ ಲಕೋಟೆಯನ್ನು ತೆಗೆದುಕೊಂಡ, ಹುಡುಗನನ್ನು ಬಿಡಲಿಲ್ಲ. ಪೂರ್ವದ ಕ್ಲಬ್ಬು ಇನ್ನೊಬ್ಬನನ್ನು ಆರಿಸಿಕೊಂಡಿತು. ಜಯನ್ ಮುಂದೆ ಬೇರೆಬೇರೆ ತಂಡಗಳಲ್ಲಿ ಆಡಿದ, ಹೆಸರನ್ನೂ ಮಾಡಿದ, ಮೊಣಕಾಲು ಸೋತ ಮೇಲೆ ಊರಿಗೆ ಮರಳಿ ಮಕ್ಕಳಿಗೆ ಆಟ ಕಲಿಸತೊಡಗಿದ. ಆದರೆ ಆ ಕರೆ ಮತ್ತೆ ಬರಲಿಲ್ಲ, ಅವನು ಚಿಕ್ಕಣ್ಣನವರ ಅಂಗಳಕ್ಕೂ ಮತ್ತೆ ಬರಲಿಲ್ಲ. ದಾರಿಯಲ್ಲಿ ಎದುರಾದರೆ ತಲೆಯಾಡಿಸುತ್ತಿದ್ದ, ಅಷ್ಟೇ. ಹನ್ನೊಂದು ವರ್ಷ ಆ ತಲೆಯಾಡಿಸುವಿಕೆ ಚಿಕ್ಕಣ್ಣನವರನ್ನು ಸುಟ್ಟಿತು.

ಅಂದಿನಿಂದ ಅವರು ಹೆಗಲ ಮೇಲೆ ಟವೆಲು ಹಾಕಲಿಲ್ಲ. ಬಿಸಾಡಲೂ ಇಲ್ಲ. ಕರಾರಿನ ಮಾತು ಬಂದಾಗಲೆಲ್ಲ ಆಟಗಾರನನ್ನೂ ಅವನ ಮನೆಮಂದಿಯನ್ನೂ ಕೊಯ್ದ ಗದ್ದೆಗೆ ಕರೆದರು; ಚಾಪೆ ಹಾಸಿ, ನಡುವೆ ಆ ಟವೆಲನ್ನು ಬಿಡಿಸಿ, ಕಾಗದವನ್ನು ಅದರ ಕೆಳಗಲ್ಲ, ಮೇಲಿಟ್ಟರು, ಹಾರದಂತೆ ಅದರ ಮೇಲೊಂದು ಚೆಂಡು. ಒಂದೊಂದು ಸಾಲನ್ನೂ ಅವರವರ ಮನೆಮಾತಿನಲ್ಲಿ ಓದಿ ಹೇಳುವುದು, ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳುವುದು. ತಿರುಗಿ ಹೇಳಲಾಗದ ಸಾಲಿಗೆ ಸಹಿ ಇಲ್ಲ. ‘ಬಯಲ ಓದು’ ಎಂದು ಜನ ಅದಕ್ಕೆ ಹೆಸರಿಟ್ಟರು. ಅವಸರದ ಕ್ಲಬ್ಬುಗಳು ಬೇಸತ್ತು ಬೇರೆ ಏಜೆಂಟರ ಬಳಿ ಹೋದವು, ಹೋಗಲಿ ಎಂದು ಇವರು ಬಿಟ್ಟರು.

ಏಜೆಂಟರಿಗೆ ಪರೀಕ್ಷೆ ಪಾಸಾದ ಪರವಾನಗಿ ಬೇಕೆಂಬ ನಿಯಮ ಬಂದಾಗ ಅವರಿಗೆ ಅರವತ್ತಮೂರು. ಅರವತ್ತಕ್ಕೆ ಅರಳು ಮರಳು ಎಂದು ಊರು ನಕ್ಕಿತು. ಈ ಸಾಲುಗಳನ್ನು ಬರೆಯುತ್ತಿರುವ ವಿದ್ಯ ಟೀಚರಿಗೆ ಅವರಿಗೆ ಇಂಗ್ಲಿಷ್ ಹೇಳಿಕೊಡುವ ಭಾಗ್ಯ ಒದಗಿತು. ಒಂದು ಮಧ್ಯಾಹ್ನ ಅಭ್ಯಾಸದ ಪ್ರಶ್ನೆ ಹೀಗಿತ್ತು: ಆಟಗಾರ ಮತ್ತು ಅವನನ್ನು ಕೊಳ್ಳುವ ಕ್ಲಬ್ಬು, ಇಬ್ಬರ ಪರವಾಗಿಯೂ ಒಬ್ಬನೇ ನಿಲ್ಲಬಹುದೇ? ಇಬ್ಬರಿಗೂ ಮೊದಲೇ ತಿಳಿಸಿ ಬರಹದಲ್ಲಿ ಒಪ್ಪಿಗೆ ಪಡೆದರೆ ಮಾತ್ರ ಎಂಬುದು ಉತ್ತರ. ಚಿಕ್ಕಣ್ಣನವರು ಕಣ್ಣು ಮುಚ್ಚಿದರು. ಟೀಚರು ನಿದ್ದೆಯೆಂದುಕೊಂಡು ಪುಸ್ತಕ ಮಡಚುವಷ್ಟರಲ್ಲಿ, “ಇದನ್ನ ಚಾತನ್ ಆವತ್ತೇ ಹೇಳ್ಕೊಟ್ಟಾಯ್ತು ಟೀಚರೇ. ಮುಂದಿಂದು ಓದಿ,” ಎಂದರು. ಮೊದಲ ಸಲ ನಪಾಸಾದರು, ಎರಡನೆಯ ಸಲ ಗೆದ್ದರು.

ನಿವೃತ್ತಿಯ ಮಾತು ಊರಲ್ಲಿ ಹರಡಿ, ಸಮಿತಿಯವರು ಅವರ ಮನೆಗೆ ಹೋಗಿಬಂದ ಮೇಲೆ, ಕಳೆದ ಫೆಬ್ರವರಿಯ ಒಂದು ಬೆಳಗ್ಗೆ, ಜಯನ್ ಅವರ ಅಂಗಳಕ್ಕೆ ಬಂದ. ಕೈಯಲ್ಲಿ ಕಾಗದವಿತ್ತು. ಅವನ ತಂಗಿ ರೀನ ಗೋಲ್‌ಕೀಪರ್. ಹೊರರಾಜ್ಯದ ಮಹಿಳಾ ಕ್ಲಬ್ಬೊಂದು ಅವಳನ್ನು ಕರೆದಿತ್ತು. “ಓದ್ಬೇಕು,” ಎಂದ.

ರೀನಳೂ ತಂದೆ ತಾಯಿಯೂ ಬಂದರು, ಮಂಜು ಇನ್ನೂ ಕರಗದ ಗದ್ದೆಯಲ್ಲಿ ಚಾಪೆ ಹಾಸಿದರು. ನಾಲ್ಕು ಮಾರು ಆಚೆಯ ಬದುವೂ ಕಾಣುತ್ತಿರಲಿಲ್ಲ. ಲೋಕದಲ್ಲಿ ಆ ಚಾಪೆ, ಆ ಟವೆಲು, ಆ ಐದು ಜನ ಮಾತ್ರ ಇದ್ದಂತಿತ್ತು. ‘ಈ ಮಾತಿನಲ್ಲಿ ನಾನು ರೀನಳ ಕಡೆ ಮಾತ್ರ’ ಎಂದು ಬರೆದ ಚೀಟಿಯನ್ನು ಚಿಕ್ಕಣ್ಣನವರು ಮೊದಲು ಇಟ್ಟು, ಆಮೇಲೆ ಓದಿದರು. ರೀನ ತಿರುಗಿ ಹೇಳಿದಳು, ಚಾತನ್ ತಲೆದೂಗಿದ. ಜಯನ ಕಣ್ಣು ಮಾತ್ರ ಕಾಗದದ ಮೇಲಿರಲಿಲ್ಲ, ಚಿಕ್ಕಣ್ಣನವರ ಕೈಗಳ ಮೇಲಿತ್ತು. ಅದನ್ನರಿತ ಅವರು ಎರಡೂ ಕೈಗಳನ್ನು ಮೊಣಕಾಲ ಮೇಲೆ ತೆರೆದಿಟ್ಟುಕೊಂಡೇ ಓದು ನಡೆಸಿದರು. ಏಳನೆಯ ಸಾಲಿನಲ್ಲಿ, ಕ್ಲಬ್ಬು ತನಗೆ ಬೇಕಾದಾಗ ಆಟಗಾರ್ತಿಯನ್ನು ಬೇರೆ ಕ್ಲಬ್ಬಿಗೆ ಎರವಲು ಕೊಡಬಹುದೆಂದಿತ್ತು.

“ಎರವಲಾ?” ತಂಗಮ್ಮ ನೆಟ್ಟಗೆ ಕುಳಿತಳು. “ಎಂಗ ಮನೆಲಿ ಕತ್ತಿನೇ ಕೇಳದೆ ಯಾರೂ ಕೊಂಡೋಗದಿಲ್ಲೆ. ಮಗಳ ಕೊಡ್ತರಾ?”

ಚಿಕ್ಕಣ್ಣನವರು ಆ ಸಾಲನ್ನು ಮತ್ತೊಮ್ಮೆ ಓದಿದರು. ‘ಅವಳ ಒಪ್ಪಿಗೆಯಿದ್ದರೆ ಮಾತ್ರ’ ಎಂದು ಸೇರಿಸಿ ಎನ್ನಬಹುದು. ಹಾಗೆಂದರೆ ಕ್ಲಬ್ಬು ಬೇರೊಬ್ಬಳನ್ನು ನೋಡಿಕೊಳ್ಳಲೂಬಹುದು. ಒಂದೇ ಮನೆಯ ಇಬ್ಬರು ಮಕ್ಕಳ ಬಾಗಿಲು ತನ್ನ ಕೈಯಿಂದಲೇ ಮುಚ್ಚಿದರೆ ತಾನು ಆ ಮಣ್ಣಿನಲ್ಲಿ ಹೇಗೆ ಬಾಳಲಿ? ಆದರೂ ಎರಡನ್ನೂ ಬಿಡಿಸಿ ಹೇಳಿದರು. “ಸೇರ್ಸಿದ್ರೆ ತಪ್ಪಿಹೋಗ್ಲೂಬಹುದು ಮಗಾ. ನನ್ನ ಕೇಳ್ಬೇಡ. ನಿನ್ ಆಟ, ನಿನ್ ಮಾತು.”

ರೀನ ಚೆಂಡನ್ನೆತ್ತಿ ಮಡಿಲಲ್ಲಿಟ್ಟುಕೊಂಡಳು. “ಬರೀರಿ,” ಎಂದಳು.

ಹತ್ತು ದಿನ ಉತ್ತರವಿಲ್ಲ. ಚಿಕ್ಕಣ್ಣನವರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದರು. ಊಟ ಸೇರಲಿಲ್ಲ, ಅರೆಗಣ್ಣಿನ ಪ್ರಸಿದ್ಧ ನಿದ್ದೆಯೂ ಬರಲಿಲ್ಲ. ಹನ್ನೊಂದನೆಯ ಬೆಳಗ್ಗೆ ತಿದ್ದಿದ ಕರಾರು ಬಂತು. ಏಳನೆಯ ಸಾಲಿನಲ್ಲಿ ‘ಆಟಗಾರ್ತಿಯ ಲಿಖಿತ ಒಪ್ಪಿಗೆಯೊಂದಿಗೆ’ ಎಂದು ಸೇರಿತ್ತು. ಅದೇ ಗದ್ದೆ, ಅದೇ ಚಾಪೆ. ರೀನ ಸಹಿ ಹಾಕಿದಳು, ತಂಗಮ್ಮ ಕಾಗದವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಎಲ್ಲರೂ ಎದ್ದರು. ಜಯನ್ ಬಾಗಿ ನೆಲದ ಟವೆಲನ್ನೆತ್ತಿದ, ಅಂಟಿದ ಕೂಳೆಯನ್ನು ಕೊಡವಿದ, ನೀಟಾಗಿ ಮಡಿಸಿ ಚಿಕ್ಕಣ್ಣನವರ ಎಡ ಹೆಗಲ ಮೇಲೆ ಹಾಕಿದ.

“ಚಳಿ ಉಂಟು ಮಾಮಾ,” ಎಂದ.

ಚಿಕ್ಕಣ್ಣನವರು ಅತ್ತರು. ಇದನ್ನು ಮುಚ್ಚಿ ಬರೆಯಬೇಕಾದ ಅಗತ್ಯವಿಲ್ಲ, ಅಲ್ಲಿದ್ದವರೆಲ್ಲ ಅತ್ತಿದ್ದಾರೆ.

ಆದ್ದರಿಂದ ಮಹನೀಯರೇ, ಸನ್ಮಾನದ ದಿನ ವೇದಿಕೆಯ ಮೇಲೆ ಯಾರೂ ಅವರಿಗೆ ಶಾಲು ಹೊದಿಸುವುದಿಲ್ಲ. ಆ ಹೆಗಲಿಗೆ ಸಲ್ಲಬೇಕಾದದ್ದು ಸಂದಾಗಿದೆ. ಚಿಕ್ಕಣ್ಣನವರು ಇನ್ನೂ ಅನೇಕ ಕೊಯ್ಲುಗಳನ್ನು ಕಾಣಲಿ, ಮಂಜಿನ ಬದುವಿನ ಮೇಲೆ ಕಣ್ಣು ಮುಚ್ಚಿ ಕುಳಿತು ಇನ್ನೂ ಅನೇಕ ಮಕ್ಕಳ ಹೆಜ್ಜೆಯ ಸದ್ದು ಕೇಳಲಿ, ಪರವಾನಗಿ ಮರಳಿಸಿದರೂ ಬಯಲ ಓದನ್ನು ಬಿಡದಿರಲಿ. ಸಮಿತಿಯವರು ಅವಸರಪಟ್ಟು, ಅವರನ್ನು ಕೇಳುವ ಮೊದಲೇ ಕೊಂಡುಬಿಟ್ಟಿರುವ ಶಾಲನ್ನು ಇನ್ನು ಮುಂದೆ ಕರಾರಿನ ಕಾಗದದ ಕೆಳಗೆ ಹಾಸೋಣ. ಆ ಹಳೆಯ ಟವೆಲು ಅವರ ಹೆಗಲ ಮೇಲೆಯೇ ಇರಲಿ.