ಭಾವನ ನೀಲಿ ಸಂಜೆಗಳು

ನಮ್ಮ ಭಾವನ ಸ್ಟುಡಿಯೋಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ ಮಾತ್ರ. ಒಂದೇ ಮಳಿಗೆಯನ್ನು ಎರಡು ಮಾಡಿಕೊಂಡು ಆ ಕಡೆ ಅವರು, ಈ ಕಡೆ ನಾನು ಕೂತು ಬಹಳ ವರ್ಷವಾಯಿತು. ಗುರುತಿನ ಚೀಟಿಗೆ, ಅರ್ಜಿಗೆ, ಪಾಸಿಗೆ ಅಂಟಿಸುವ ಪುಟ್ಟ ಫೋಟೋ ತೆಗೆಯುವುದು ಅವರ ಕಸುಬು. ದಿನವಿಡೀ ನನ್ನ ಕಿವಿಗೆ ಬೀಳುವುದು ಒಂದೇ ಮಂತ್ರ: "ಗದ್ದ ಸ್ವಲ್ಪ ಮೇಲೆ. ನಗಬೇಡಿ. ಕಣ್ಣು ಬಿಡಿ." ಬೀದಿಯ ಮಕ್ಕಳು ಅವರಿಗೆ ಗದ್ದದಣ್ಣ ಎಂದೇ ಹೆಸರಿಟ್ಟಿದ್ದಾರೆ. ಆ ಹೆಸರು ಮೊದಲು ಯಾರ ಬಾಯಿಂದ ಬಂತು ಎಂದು ಭಾವ ಇವತ್ತಿಗೂ ಹುಡುಕುತ್ತಿದ್ದಾರೆ. ನಾನು ಹೊಲಿಗೆ ಯಂತ್ರದ ಮೇಲೆ ತಲೆ ಬಗ್ಗಿಸಿಕೊಂಡು ಸುಮ್ಮನಿರುತ್ತೇನೆ.

ಈ ಕೆಲಸ ಹೊಟ್ಟೆಗೆ. ಮನಸ್ಸಿಗೆ ಬೇಕಾದದ್ದು ಸಂಜೆಯಲ್ಲಿತ್ತು. ಬಿಸಿಲು ಓರೆಯಾಗುತ್ತಲೇ ಭಾವನಿಗೆ ಕೂತಲ್ಲಿ ಕೂರಲಾಗದು. ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ "ನಾಳೆ ಬನ್ನಿ" ಎಂದು ಶಟರ್ ಎಳೆದು, ಕ್ಯಾಮೆರಾ ಚೀಲ ಅಕ್ಕನ ಹೆಗಲಿಗೆ, ಮೂರು ಕಾಲಿನ ಸ್ಟ್ಯಾಂಡು ತಮ್ಮ ಹೆಗಲಿಗೆ ಹಾಕಿಕೊಂಡು ಸಮುದ್ರದ ಕಡೆ ಹೊರಟುಬಿಡುತ್ತಾರೆ. ಮೀನು ಮಾರುವವರ ಓಣಿ ದಾಟಿದರೆ ಕಪ್ಪು ಬಂಡೆಗಳ ಸಾಲು. ಪಾಚಿ ಕಟ್ಟಿ ಜಾರುವ ಜಾಗ. ಭಾವ ಅಲ್ಲಿ ಎಷ್ಟು ಸಲ ಬಿದ್ದಿದ್ದಾರೆಂದು ಅವರ ಮೊಣಕಾಲನ್ನೇ ಕೇಳಬೇಕು. ಬೀಳುವಾಗ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದು ತಾವು ಮಾತ್ರ ಬೀಳುತ್ತಾರೆ.

ಅವರ ಫೋಟೋ ಒಂದೇ ಏಟಿಗೆ ಆಗುವಂಥದ್ದಲ್ಲ. ನನಗೂ ಅದು ಮೊದಲು ತಲೆಗೆ ಹತ್ತಿರಲಿಲ್ಲ. "ನೋಡು, ಸೂರ್ಯನಿಗೆ ಸರಿಯಾಗಿ ತೆಗೆದ್ರೆ ಬಂಡೆ ಇದ್ದಿಲು. ಬಂಡೆಗೆ ಸರಿಯಾಗಿ ತೆಗೆದ್ರೆ ಆಕಾಶ ಸುಣ್ಣ ಬಳಿದ ಗೋಡೆ," ಎಂದು ಒಮ್ಮೆ ಹೇಳಿಕೊಟ್ಟರು. ಅದಕ್ಕೆ ಕ್ಯಾಮೆರಾವನ್ನು ಕದಲಿಸದೆ ಒಂದರ ಹಿಂದೆ ಒಂದು ಐದಾರು ಫೋಟೋ ತೆಗೆಯುತ್ತಾರೆ. ಒಂದು ಕತ್ತಲು, ಒಂದು ನಸುಗತ್ತಲು, ಹೀಗೆ ಕೊನೆಯದು ಕಣ್ಣು ಕುಕ್ಕುವಷ್ಟು ಬೆಳಕು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಒಂದರಿಂದ ಆಕಾಶ, ಇನ್ನೊಂದರಿಂದ ನೀರು, ಮತ್ತೊಂದರಿಂದ ಬಂಡೆಯ ಬಿರುಕು ತೆಗೆದುಕೊಂಡು ಬೆಸೆಯುತ್ತಾರೆ. ಹೊಲಿಗೆ ಕಾಣದ ಹಾಗೆ ತೇಪೆ ಹಾಕುವ ಕೆಲಸ ಅದು. ಈ ಮಾತು ನಾನು ಹೇಳಿದಾಗ ಭಾವನಿಗೆ ಸಿಟ್ಟು ಬಂತು, ಆದರೆ ಸುಳ್ಳಲ್ಲ.

ಅಷ್ಟೂ ಹೊತ್ತು ಅಕ್ಕ ಏನು ಮಾಡುತ್ತಾಳೆ ಎಂದರೆ, ಚಪ್ಪಟೆ ಬಂಡೆಯೊಂದರ ಮೇಲೆ ಚೀಲವನ್ನು ತೊಡೆಯಲ್ಲಿಟ್ಟುಕೊಂಡು ಕೂರುತ್ತಾಳೆ. ಚೀಲಕ್ಕೆ ನೀರು ಸಿಡಿಯಬಾರದಲ್ಲ. "ಪಾಪ, ಬೇಜಾರಾದ್ರೂ ನನಗೋಸ್ಕರ ಬರ್ತಾಳೆ," ಎಂದು ಭಾವ ನನ್ನ ಹತ್ತಿರ ಹೇಳುತ್ತಿದ್ದರು. "ಚೀಲ ಕಾಯೋ ನೌಕರಿ ಹೇಗಿದೆ?" ಎಂದು ನಾನು ಅಕ್ಕನನ್ನು ಕೆಣಕುತ್ತಿದ್ದೆ. ಅಕ್ಕ ಎರಡಕ್ಕೂ ಉತ್ತರ ಕೊಡುತ್ತಿರಲಿಲ್ಲ. ಅವಳು ಮೊದಲಿಂದಲೂ ಹಾಗೇ. ಮನೆಯ ಮಾತೆಲ್ಲ ನನ್ನ ಪಾಲಿಗೆ ಬಂದುಬಿಟ್ಟಿದೆ.

ಮೂರು ವರ್ಷದ ಹಿಂದೆ ಭಾವನ ಸಂಜೆಗಳು ನೀಲಿಯಾಗತೊಡಗಿದವು. ಮೊದಮೊದಲು ಅಂಚಿನಲ್ಲಿ ಒಂಚೂರು. ಆಮೇಲೆ ಅಲೆ, ನೊರೆ, ಮೋಡ ಎಲ್ಲವೂ. ಗೋಡೆಯ ಮೇಲಿನ ಹಳೆಯ ಫೋಟೋಗಳಲ್ಲಿ ಕೆಂಡದಂಥ ಸೂರ್ಯ ಇದ್ದರೆ ಹೊಸವುಗಳಲ್ಲಿ ತಣ್ಣಗೆ ಮಂಕಾದ ಒಂದು ಬಿಳಿ ಬಿಲ್ಲೆ. ಭಾವ ಮಾತ್ರ ಕ್ಯಾಮೆರಾವನ್ನು ಬೈಯುತ್ತಿದ್ದರು. "ಎಲ್ಲಾ ಹಳದಿ ಹೊಡೀತಿದೆ ಇದು. ಸರಿ ಮಾಡಿ ಮಾಡಿ ಸಾಕಾಗಿದೆ." ಕ್ಯಾಮೆರಾ ಮುಗಿದ ಮೇಲೆ ಕಂಪ್ಯೂಟರಿನ ಪರದೆಯ ಸರದಿ. ಅದಾದ ಮೇಲೆ ಉಪ್ಪುಗಾಳಿಯ ಸರದಿ. ಗುರುತಿನ ಚೀಟಿಯ ಮುಖಗಳನ್ನೂ ಅವರು ಹೀಗೇ 'ಸರಿ' ಮಾಡಲು ಶುರುವಿಟ್ಟರು. ಒಬ್ಬ ಲಾರಿ ಡ್ರೈವರ್ ತನ್ನ ಫೋಟೋವನ್ನು ಹಿಡಿದು ನನ್ನ ಅಂಗಡಿಗೆ ಬಂದು, "ಅಕ್ಕಾ, ನನಗೇನಾದ್ರೂ ಕಾಯಿಲೆನಾ? ಹೀಗಿದ್ದೀನಾ ನಾನು?" ಎಂದು ಕೇಳಿದ. ನೋಡಿದರೆ ತುಟಿಯೆಲ್ಲ ನೀಲಿ. ಆರಾಮಾಗಿದ್ದೀಯ ಹೋಗಪ್ಪ ಎಂದು ಕಳಿಸಿದೆ.

ಅಷ್ಟರಲ್ಲಿ ಬಂದರಿನ ಟಿಕೆಟ್ ಹಾಲಿಗೆ ಹೊಸ ಬಣ್ಣ ಬಳಿದರು. ಆಚೆ ದಡಕ್ಕೆ ಹೋಗುವ ದೋಣಿಗಳಿಗೆ ಅಲ್ಲೇ ಜನ ಕಾಯುವುದು. ಎದುರಿನ ಗೋಡೆಗೆ ನಿಮ್ಮದೊಂದು ಸೂರ್ಯಾಸ್ತ ಕೊಡಿ ಎಂದು ಟಿಕೆಟ್ ಗುಮಾಸ್ತ ಕೇಳಿದಾಗ ಭಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊತ್ತಮೊದಲ ಬಾರಿಗೆ ಅವರ ಸಂಜೆಯೊಂದನ್ನು ಊರು ಕೇಳಿತ್ತು. ತಿಂಗಳುಗಟ್ಟಲೆ ಬೆಸೆದು ದೊಡ್ಡದಾಗಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ ಗೋಡೆಗೆ ಏರಿಸಿದರು. ಆಮೇಲೆ ಮೂವರೂ ಬೆಂಚಿನ ಮೇಲೆ ಕೂತು, ಜನ ಏನನ್ನುತ್ತಾರೋ ಎಂದು ಕಿವಿ ನೆಟ್ಟಗೆ ಮಾಡಿಕೊಂಡು ಕಾದೆವು.

ಒಬ್ಬ ಹೆಂಗಸು ಗಂಡನಿಗೆ ತೋರಿಸಿದಳು. "ಬೆಳದಿಂಗಳು ಎಷ್ಟು ಚೆನ್ನಾಗಿ ಬಂದಿದೆ ನೋಡ್ರೀ."

ಭಾವ ಎದ್ದೇಬಿಟ್ಟರು. "ಬೆಳದಿಂಗಳಲ್ಲಮ್ಮ, ಸೂರ್ಯ ಮುಳುಗ್ತಿರೋದು."

ಅವಳು ಇನ್ನೊಮ್ಮೆ ನೋಡಿ, ಹಿರಿಯರಿಗೆ ಯಾಕೆ ಎದುರಾಡುವುದು ಎನ್ನುವಂತೆ ತಲೆಯಾಡಿಸಿ ದೋಣಿಗೆ ಹೋದಳು. ದಾರಿಯುದ್ದಕ್ಕೂ ಭಾವ, "ಜನಕ್ಕೆ ಕಣ್ಣೇ ಇಲ್ಲ," ಎಂದು ಗೊಣಗಿದರು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ಚಪ್ಪಲಿ ನೋಡಿಕೊಂಡು ನಡೆಯುತ್ತಿದ್ದಳು.

ಅದಾದ ಕೆಲವೇ ದಿನಕ್ಕೆ ನನ್ನ ನೂಲುಂಡೆಯ ಡಬ್ಬಿ ಕೈಜಾರಿ ಬಿತ್ತು. ಸದ್ದು ಕೇಳಿ ಭಾವ ಈ ಕಡೆ ಬಂದು, ಮಂಡಿಯೂರಿ ಕೂತು, ಆರಿಸಿ ಬಣ್ಣದ ಪ್ರಕಾರ ಜೋಡಿಸಿಕೊಟ್ಟರು. ನೋಡುತ್ತೇನೆ, ನೇರಳೆ ನೂಲು ಕಂದು ಬಣ್ಣದ ಸಾಲಿನಲ್ಲಿ ಕೂತಿದೆ. ಕಡುನೀಲಿಯೆಲ್ಲ ಕಪ್ಪಿನ ಜೊತೆ. ಬಣ್ಣದ ವಿಷಯದಲ್ಲಿ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. "ಏನು ಭಾವ, ತಮಾಷೆನಾ?" ಎಂದು ರೇಗಿದೆ. "ಸರಿಯಾಗೇ ಇಟ್ಟಿದ್ದೀನಲ್ಲ," ಎಂದರು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ಅವರ ನೀಲಿ ಸಂಜೆಗಳೆಲ್ಲ ನನ್ನ ಕಣ್ಣ ಮುಂದೆ ಬಂದವು.

ಮನೆಗೆ ಹೋಗಿ ಅಕ್ಕನನ್ನು ಅಡುಗೆಮನೆಯಲ್ಲಿ ಹಿಡಿದೆ. ಭಾವನ ಕಣ್ಣಿಗೆ ಪೊರೆ ಬಂದಿದೆ ಅನ್ನಿಸುತ್ತದೆ ಎಂದೆ. ಅಕ್ಕ ಒಲೆ ಸಣ್ಣಗೆ ಮಾಡಿದಳು. "ನನಗೆ ಗೊತ್ತು."

"ಗೊತ್ತಾ? ಯಾವಾಗಿಂದ?"

"ನೀಲಿ ಶುರುವಾದಾಗಿನಿಂದಲೂ. ನೀನು ಬಾಯಿ ಬಿಡಬೇಡ. ಅವರಪ್ಪನಿಗೆ ಆಪರೇಷನ್ ಆಗಿ ಇದ್ದ ಕಣ್ಣೂ ಹೋಯ್ತು. ಇವರು ಆಸ್ಪತ್ರೆ ಮೆಟ್ಟಿಲು ಹತ್ತಲ್ಲ. ಹೇಳಿದ್ರೆ ಕ್ಯಾಮೆರಾ ಮೂಲೆಗಿಡ್ತಾರೆ, ಅಷ್ಟೇ."

ನನಗೆ ಮೈ ಉರಿದುಹೋಯಿತು. ಗಂಡನ ಕಣ್ಣು ಮಸುಕಾಗುತ್ತಿದ್ದರೆ ಹೆಂಡತಿ ಬಾಯಿಗೆ ಬೀಗ ಹಾಕಿಕೊಂಡು ಕೂರುವುದೇ? ಹೀಗೇ ಬಿಟ್ಟರೆ ಇನ್ನೆರಡು ವರ್ಷಕ್ಕೆ ಬಂಡೆ ಯಾವುದು ನೀರು ಯಾವುದು ತಿಳಿಯದೆ ಕಾಲಿಟ್ಟಾರು. ಮಾರನೆಯ ದಿನ ಬೆಳಿಗ್ಗೆ ಪ್ಲೈವುಡ್ ಹಲಗೆಯ ಆಚೆ ಹೋಗಿ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟೆ.

ಭಾವ ಕುದಿದರು. "ಮೂವತ್ತು ವರ್ಷದಿಂದ ಇದೇ ಕಣ್ಣಲ್ಲಿ ದುಡಿದಿದ್ದೀನಿ. ತರ್ತೀಯಾ ನಿನ್ನ ನೂಲು? ಇಲ್ಲೇ ತೀರ್ಮಾನ ಆಗಿಬಿಡ್ಲಿ."

ತಂದುಕೊಟ್ಟೆ. ನೇರಳೆ ಉಂಡೆ, ಕಂದು ಉಂಡೆ ಪಕ್ಕಪಕ್ಕದಲ್ಲಿಟ್ಟು ಫೋಟೋ ತೆಗೆದರು. ಕಂಪ್ಯೂಟರಿನಲ್ಲಿ ಅದನ್ನು ತೆರೆದು ಒಂದೊಂದರ ಮೇಲೂ ಬಾಣದ ಗುರುತನ್ನು ಇಟ್ಟರು. ಯಾವ ಚುಕ್ಕೆಯಲ್ಲಿ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು ಅದು ಅಂಕಿಯಲ್ಲಿ ಹೇಳುತ್ತದೆ. ಅಂಕಿಗೆ ಪೊರೆ ಬರುವುದಿಲ್ಲ. ಕಂದು ಉಂಡೆಯಲ್ಲಿ ನೀಲಿ ಹೆಸರಿಗಷ್ಟೇ ಇತ್ತು, ನೇರಳೆಯಲ್ಲಿ ತುಂಬಿ ತುಳುಕುತ್ತಿತ್ತು. ಭಾವ ಒಂದು ಸಲ ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು.

ಆಮೇಲೆ ನಾನು ಕೇಳದೆಯೇ ಟಿಕೆಟ್ ಹಾಲಿನ ಸೂರ್ಯಾಸ್ತವನ್ನು ತೆರೆದರು. ಬಾಣದ ಗುರುತನ್ನು ಸೂರ್ಯನ ಪಕ್ಕದ ಮೋಡಕ್ಕೆ ಒಯ್ದರು. ಅಲ್ಲಿ ಕೆಂಪಿಗಿಂತ ನೀಲಿಯೇ ಹೆಚ್ಚು. ಬೆಸೆಯುವುದಕ್ಕೆ ಮುಂಚಿನ, ಕೈ ಮುಟ್ಟದ ಫೋಟೋವನ್ನು ತೆರೆದರು. ಅದೇ ಮೋಡ, ಕೆಂಪು ಧಾರಾಳವಾಗಿತ್ತು. ಕ್ಯಾಮೆರಾ ಸರಿಯಾಗಿಯೇ ಇತ್ತು. ಹಳದಿ ಹೊಡೆಯುತ್ತಿದ್ದದ್ದು ಅವರ ಕಣ್ಣಿಗೆ. ಅದನ್ನು ತೊಳೆಯಲು ಹೋಗಿ ಮೂರು ವರ್ಷ ಎಲ್ಲ ಸಂಜೆಗಳಿಗೂ ನೀಲಿ ಸುರಿದಿದ್ದರು.

ಹೊರಗೆ ಒಬ್ಬ ಗಿರಾಕಿ ಕೆಮ್ಮಿದ. ಭಾವ ಅತ್ತ ತಿರುಗಲಿಲ್ಲ. ನನಗೆ ಗೆದ್ದ ಹಾಗೆ ಅನ್ನಿಸಬೇಕಿತ್ತು, ಅಳು ಬಂತು. ಫೋಟೋಗಳನ್ನು ಮುಚ್ಚಿ ಅವರು, "ನಿಮ್ಮಕ್ಕನಿಗೆ ಹೇಳು, ಡಾಕ್ಟರನ್ನ ನೋಡೋಣ ಅಂತ," ಎಂದರು.

ಆಸ್ಪತ್ರೆಯಲ್ಲಿ ಅವರು ಡಾಕ್ಟರಮ್ಮನಿಗೆ, "ನನಗೆ ಸಂಜೆ ಬೇಕು ಡಾಕ್ಟ್ರೇ, ಅಷ್ಟು ಉಳಿಸಿಕೊಡಿ," ಎಂದರು. ಆಕೆ ಕ್ಯಾಲೆಂಡರ್ ನೋಡಿ, "ಸಂಜೆ ಆಪರೇಷನ್ ಮಾಡಲ್ಲ, ಬೆಳಿಗ್ಗೇನೇ ಬರಬೇಕು," ಎಂದಳು. ಮೊದಲು ಬಲಗಣ್ಣು, ತಿಂಗಳು ಬಿಟ್ಟು ಎಡಗಣ್ಣು ಎಂದು ತೀರ್ಮಾನವಾಯಿತು. ಆಪರೇಷನ್ ದಿನ ಅವರನ್ನು ಒಳಗೆ ಕರೆದುಕೊಂಡು ಹೋದಾಗ ಅಕ್ಕ ಕ್ಯಾಮೆರಾ ಚೀಲದ ಹಾಗೆಯೇ ಅವರ ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

ಪಟ್ಟಿ ಬಿಚ್ಚಿದ ಮೇಲೆ ಹೊಸ ಕಣ್ಣಿಗೆ ಮೊದಲು ಬಿದ್ದದ್ದು ಧೂಳು. "ಈ ಹಲಗೆ ಇಷ್ಟು ಕೊಳಕಾ? ನೀವಿಬ್ಬರೂ ಗುಡಿಸೋದೇ ಇಲ್ವಾ?" ಎಂದು ಸ್ಟುಡಿಯೋದಲ್ಲಿ ನಿಂತು ನಮ್ಮನ್ನೇ ತರಾಟೆಗೆ ತೆಗೆದುಕೊಂಡರು. ನನಗೆ ಹೊಟ್ಟೆ ತಣ್ಣಗಾಯಿತು. ಬೈಗುಳ ಕೇಳಿ ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು.

ಬಂಡೆಗಳ ಕಡೆಗೆ ಹೋಗಬಹುದು ಎಂದು ಡಾಕ್ಟರಮ್ಮ ಹೇಳಿದ ದಿನ ನಾನೂ ಜೊತೆಗೆ ಹೋದೆ. ಸೂರ್ಯ ನೀರಿಗೆ ತಾಗುವ ಹೊತ್ತು. ಭಾವ ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಒಂದರಲ್ಲಿ ನಿಜವಾದ ಆಕಾಶ, ಇನ್ನೊಂದರಲ್ಲಿ ಕಾಫಿ ಡಿಕಾಕ್ಷನ್ ಚೆಲ್ಲಿದಂಥ ಆಕಾಶ. ಕಣ್ಣು ಬದಲಿಸುತ್ತಾ ಬದಲಿಸುತ್ತಾ ಸೂರ್ಯನೇ ಮುಳುಗಿಹೋದ. ಕ್ಯಾಮೆರಾ ಚೀಲದಿಂದ ಆಚೆ ಬರಲೇ ಇಲ್ಲ.

ಆ ವಾರವೆಲ್ಲ ಅವರು ಮಂಕಾಗಿಬಿಟ್ಟರು. ಎಡಗಣ್ಣಿನ ಚಿಂತೆಯೇ ಎಂದರೆ ಅಲ್ಲ. ಕೊನೆಗೆ ಒಂದು ಭಾನುವಾರ, ಅಕ್ಕ ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದಾಗ, ಕಂಪ್ಯೂಟರಿನ ಮುಂದಿನಿಂದ ಭಾವ ಹೇಳಿದರು, "ಮೂರು ವರ್ಷ ನೀರುಪಾಲಾಯ್ತು."

ನನಗೆ ತಡೆಯಲಾಗಲಿಲ್ಲ. "ಮೂಲ ಫೋಟೋಗಳನ್ನೆಲ್ಲ ಎಸೆದಿದ್ದೀರಾ? ಇಲ್ಲ ತಾನೇ? ಮತ್ತೆ ಬೆಸೀರಿ."

"ಹೇಗೆ ಬೆಸೀಲಿ? ಅದರಲ್ಲಿ ಕತ್ತಲೂ ಇದೆ, ಬೆಳಕೂ ಇದೆ. ಎಷ್ಟು ಬೆರೆಸಿದ್ರೆ ಅವತ್ತಿನ ಸಂಜೆ ಆಗುತ್ತೆ ಅನ್ನೋದು ಅದರಲ್ಲಿಲ್ಲ. ಅದು ನೋಡಿದವರಿಗೆ ಗೊತ್ತಿರಬೇಕು. ನಾನು ಅಲ್ಲೇ ನಿಂತಿದ್ದೆ, ಆದ್ರೆ ಒಂದು ಸಂಜೆನೂ ನೋಡಿಲ್ಲ."

ಅಕ್ಕ ಮಡಚುತ್ತಿದ್ದ ಟವೆಲನ್ನು ಹಾಗೇ ಹೆಗಲಿಗೆ ಹಾಕಿಕೊಂಡು ಎದ್ದು ಬಂದು ಪರದೆಯನ್ನು ಇಣುಕಿದಳು.

"ಇದು ನೀವು ಜಾರಿ ಮೊಣಕೈ ತರಚಿಕೊಂಡ್ರಲ್ಲ, ಆವತ್ತಿನದು," ಎಂದಳು. "ಮೋಡದ ಹೊಟ್ಟೆ ಕೆಳಗೆ ದಾಳಿಂಬೆ ಕಾಳಿನ ಬಣ್ಣ ಇತ್ತು. ಮೇಲೆ ಹಸಿರು ಅನ್ನಿಸೋ ಒಂದು ಗೆರೆ. ಬಂಡೆ ಇಷ್ಟು ಬೆಳ್ಳಗೆ ಇರಲಿಲ್ಲ, ಸ್ವಲ್ಪ ಇಳಿಸಿ."

ಭಾವ ಇಳಿಸಿದರು. "ಇಷ್ಟಾ?"

"ಇನ್ನೂ ಚೂರು. ಹಾಂ, ಅಷ್ಟೇ."

ಇನ್ನೊಂದು ತೆರೆದರು. ಅದನ್ನೂ ಹೇಳಿದಳು. ಮತ್ತೊಂದು. ದೋಣಿ ತಡವಾಗಿ ಬಂದ ದಿನ, ಭಾವ ನನ್ನ ಜೊತೆ ಜಗಳವಾಡಿ ಹೋಗಿದ್ದ ದಿನ, ಮೋಡ ಮುಚ್ಚಿ ಕೊನೇ ಗಳಿಗೆಯಲ್ಲಿ ತೆರೆದ ದಿನ. ಒಂದನ್ನೂ ಮರೆತಿರಲಿಲ್ಲ. ಚೀಲ ಕಾಯುವವಳು ಎಂದು ನಾನು ಆಡಿಕೊಂಡದ್ದು ನೆನಪಾಗಿ ನಾಚಿಕೆಯಾಯಿತು.

ಭಾವ ಕುರ್ಚಿ ತಿರುಗಿಸಿ ಅವಳನ್ನು ನೋಡಿದರು. "ಇಷ್ಟೆಲ್ಲ ಗೊತ್ತಿತ್ತು. ನಾನು ನೀಲಿ ಬಳೀತಿದ್ದಾಗ ಒಂದು ಮಾತು ಹೇಳಬಾರದಿತ್ತಾ?"

ಅಕ್ಕ ಟವೆಲಿನ ಅಂಚನ್ನು ತಿರುಚುತ್ತಾ ನಿಂತಳು. "ಹೇಳಿದ್ರೆ ನೀವು ಬಂಡೆಗೆ ಹೋಗೋದು ನಿಲ್ಲಿಸ್ತಿದ್ರಿ," ಎಂದಳು. "ನೀವು ನಿಲ್ಲಿಸಿದ್ರೆ ನಾನು ಯಾವ ನೆಪ ಹೇಳಿ ಹೋಗ್ಲಿ? ನನಗೆ ಸಂಜೆ ಬೇಕಿತ್ತು ರೀ. ತಪ್ಪೇ ಅದು. ಆದ್ರೆ ಬೇಕಿತ್ತು."

ಭಾವ ಎದ್ದು ತಮ್ಮ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಪರದೆಯ ನೇರಕ್ಕೆ ಇನ್ನೊಂದು ಕುರ್ಚಿ ಎಳೆದು ಹಾಕಿದರು.

"ಕೂತ್ಕೋ. ಅಲ್ಲಿಂದ ಬಣ್ಣ ಸರಿಯಾಗಿ ಕಾಣಲ್ಲ. ಗದ್ದ ಸ್ವಲ್ಪ ಮೇಲೆ."