ತಟ್ಟೆಯಂಚಿನ ಲೋಟ

ನಾನು ಬರೆದ ಮೊದಲ ಕತೆ ವಾರಪತ್ರಿಕೆಯಿಂದ ವಾಪಸು ಬಂತು. ಜೊತೆಗೆ ಒಂದು ಸಾಲು: "ಕೊನೆಯಲ್ಲಿ ಗಂಡ ಹೆಂಡತಿ ದಿಢೀರನೆ ಬದಲಾಗುತ್ತಾರೆ, ನಂಬಿಕೆ ಬರುವುದಿಲ್ಲ." ಮೈಯೆಲ್ಲ ಉರಿದುಹೋಯಿತು. ಕಣ್ಣಾರೆ ಕಂಡದ್ದನ್ನೇ ಬರೆದಿದ್ದೆ. ಆ ಕತೆಯನ್ನು ಯಾರಾದರೂ ನಂಬಲೇಬೇಕಿತ್ತು, ಏಕೆಂದರೆ ಕತೆಯ ಹೆಂಗಸು ನನ್ನ ಅತ್ತೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಕ್ಯಾಸಂಬಳ್ಳಿ ಕಡೆಯ ರಾಗಿ ಹೊಲದಿಂದ ಕೋರಮಂಡಲ್‌ನ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿಗೆ ಸೊಸೆಯಾಗಿ ಬಂದೆ. ಈಗ ನೆನೆದರೆ ಆ ಮನೆಯಲ್ಲಿ ಸದಾ ಮಧ್ಯಾಹ್ನವೇ ಇತ್ತೇನೋ ಅನಿಸುತ್ತದೆ. ಕಿಟಕಿಯಾಚೆ ಗಣಿಮಣ್ಣಿನ ಬಿಳಿ ದಿಬ್ಬಗಳು, ಗಾಳಿ ಬಂದರೆ ಹಿಟ್ಟಿನಂಥ ಧೂಳು, ಒಳಗೆ ಅರೆನಿದ್ದೆಯ ಬೆಳಕು. ಮಾವ ಗಣಿಗಿಳಿದು ದುಡಿಯುವವರು. ಅವರೂ ಅತ್ತೆಯೂ ಮಾತು ಬಿಟ್ಟು ವರ್ಷಗಳಾಗಿದ್ದವು. ಕಾರಣ ಇಬ್ಬರಿಗೂ ಮರೆತಿತ್ತೋ ಏನೋ. "ಮುದ್ದೆ ಆಯ್ತು ಅಂತ ಏಳಮ್ಮಾ ಅವ್ರಿಗೆ" ಎಂದು ಅತ್ತೆ ನನಗೆ ಹೇಳುವರು. ಮಾವ ಎರಡಡಿ ದೂರದಲ್ಲೇ ಕೂತಿರುವರು.

ಅಡುಗೆಮನೆಯ ಹಲಗೆಯ ತುದಿಯಲ್ಲಿ ಕವುಚಿದ ತಟ್ಟೆ, ಅದರ ಅಂಚಿನಲ್ಲಿ ಇನ್ನೇನು ಬಿತ್ತು ಎಂಬಂತೆ ಒಂದು ಹಿತ್ತಾಳೆ ಲೋಟ. ನನಗೆ ಅಚ್ಚುಕಟ್ಟಿನ ಹುಚ್ಚು. ದಿನಾ ಲೋಟ ತೆಗೆದು ಒಳಗಿಡುತ್ತಿದ್ದೆ. ಅತ್ತೆ ದಿನಾ ಅದನ್ನು ಮತ್ತೆ ಅಂಚಿಗೆ ತರುತ್ತಿದ್ದರು. "ಅದನ್ನ ಅಂಗೇ ಬುಡಮ್ಮಾ" ಎನ್ನುವರು, ಅಷ್ಟೆ. ವಯಸ್ಸಾಯಿತು, ಒಪ್ಪ ಓರಣ ತಿಳಿಯದು ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಒಂದು ದಿನ ಅತ್ತೆ ಜ್ವರ ಬಂದು ಮಲಗಿದರು. ನಾನು ಎಂದಿನಂತೆ ಲೋಟ ಒಳಗಿಟ್ಟು ಕಷಾಯಕ್ಕೆ ಶುಂಠಿ ತರಲು ರಾಬರ್ಟ್‌ಸನ್‌ಪೇಟೆಗೆ ಹೋದೆ. ವಾಪಸು ಬರುವಾಗ ಲೈನಿನಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಗಣಿಯ ಆಳದಲ್ಲಿ ಬಂಡೆ ಸಿಡಿದು ನೆಲ ಸಣ್ಣಗೆ ನಡುಗಿತ್ತೆಂದು ಆಮೇಲೆ ತಿಳಿಯಿತು. ಎಲ್ಲರೂ ಗಣಿಗಿಳಿಯುವ ಶಾಫ್ಟ್‌ನ ಗೇಟಿಗೆ ಓಡಿದ್ದರು. ನನ್ನ ಅತ್ತೆಯನ್ನು ಯಾರೂ ಎಬ್ಬಿಸಿರಲಿಲ್ಲ. ಯಾವಾಗಲೂ ಎಲ್ಲರಿಗಿಂತ ಮೊದಲು ಓಡುವವರು ಅವರೇ, ಆಗಲೇ ಹೋಗಿರುತ್ತಾರೆ ಎಂದುಕೊಂಡಿದ್ದರು.

ಸಂಜೆ ಮಾವ ಬಂದರು. ಹಣೆಗೆ ಪಟ್ಟಿ, ಮೈಯೆಲ್ಲ ಧೂಳು. ನನ್ನನ್ನು ದಾಟಿ ನೇರ ಚಾಪೆಯ ಹತ್ತಿರ ಹೋಗಿ ನಿಂತರು.

"ಯಾಕೆ ಬರ್ನಿಲ್ಲ ನೀನು? ಗೇಟೆಲ್ಲ ನೋಡ್ದೆ."

ಅತ್ತೆ ಹಲಗೆಯತ್ತ ತಿರುಗಿದರು, ಆಮೇಲೆ ನನ್ನತ್ತ.

"ಲೋಟ ಬೀಳ್ನಿಲ್ಲ" ಎಂದರು. ಮಾವ ಅವರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಹಣೆ ಮುಟ್ಟಿ ನೋಡಿದರು. ನೆಲ ನಡುಗಿದರೆ ಬಿದ್ದು ಸದ್ದಾಗಲೆಂದು ಅಂಚಿಗಿಟ್ಟ ಲೋಟ ಅದು; ನನಗೆ ನಾಚಿಕೆಯಿಂದ ಅಲ್ಲಿ ನಿಲ್ಲಲಾಗಲಿಲ್ಲ.

ವಾಪಸು ಬಂದ ಕತೆಯಲ್ಲಿ ನಾನು ಜಗಳ ಬರೆದಿದ್ದೆ, ಮೌನ ಬರೆದಿದ್ದೆ, ಕೊನೆಗೆ ಹಣೆ ಮುಟ್ಟಿದ ಕೈಯನ್ನೂ ಬರೆದಿದ್ದೆ. ಲೋಟವನ್ನು ಮಾತ್ರ ಬಿಟ್ಟಿದ್ದೆ. ಓದುವವರು ಹೇಗೆ ನಂಬಿಯಾರು? ಕೊನೆ ಮುಟ್ಟಿದವರು ಮೊದಲ ಪುಟಕ್ಕೆ ತಿರುಗಿ, ಅಯ್ಯೋ, ಇಲ್ಲೇ ಇತ್ತಲ್ಲ, ನಾನೇ ನೋಡಲಿಲ್ಲ ಎನ್ನಬೇಕು. ಆ ಸಂಜೆ ನಾನಂತೂ ಹಾಗೇ ಅಂದುಕೊಂಡಿದ್ದೆ. ಮೊದಲ ಪ್ಯಾರಾದಲ್ಲೇ ಲೋಟವನ್ನು ಅಂಚಿಗಿಟ್ಟು ಕತೆಯನ್ನು ಮತ್ತೆ ಬರೆದೆ. ಅತ್ತೆಗೆ ಓದು ಬರುತ್ತಿರಲಿಲ್ಲ. ಅವರು ಅವರೆಕಾಳು ಹಿಸುಕುತ್ತಿದ್ದಾಗ ಹತ್ತಿರ ಕೂತು ಓದಿ ಹೇಳಿದೆ. ಬೆಕ್ಕು ಹಾರಿ ಲೋಟವನ್ನು ಒಳಗೆ ತಳ್ಳಿತು ಎಂದು ಬರೆದಿದ್ದೆ.

ಅತ್ತೆಯ ಕೈ ನಿಂತಿತು.

"ನಮ್ಮನೇಲಿ ಬೆಕ್ಕೆಲ್ಲಿತ್ತಮ್ಮಾ?" ಎಂದರು, ಮೆತ್ತಗೆ. ಆ ದಿನದಿಂದ ಒಮ್ಮೆಯೂ, ಯಾರ ಮುಂದೆಯೂ ಲೋಟದ ಮಾತಿಗೆ ನನ್ನ ಹೆಸರೆತ್ತದಿದ್ದವರು.

ಬೆಕ್ಕನ್ನು ಹೊಡೆದುಹಾಕಿ, ಅಲ್ಲಿ "ನಾನು" ಎಂದು ಬರೆದೆ.